ಮೂರನೆಯ ತೂತು

ಡ್ರಿಫ್ಟ್ ಕ್ರೀಕ್, ಮ್ಯಾನಿಟೋಬಾ
ನವೆಂಬರ್ 16

ರೂನಾ,

ನೀನು ಫೋನ್ ಎತ್ತುವುದಿಲ್ಲ. ನಾಲ್ಕು ವರ್ಷದಿಂದ ಎತ್ತಿಲ್ಲ. ಕಾಗದವನ್ನಾದರೂ ಹರಿದು ಬಿಸಾಡುವ ಮೊದಲು ಒಮ್ಮೆ ಓದುತ್ತೀಯೆಂದು ಬರೆಯುತ್ತಿದ್ದೇನೆ. ವಿಳಾಸ ಕೊಟ್ಟದ್ದು ನಿನ್ನ ತಂಗಿ. ಅವಳ ಮೇಲೆ ರೇಗಬೇಡ, ನಾನು ಮೂರು ಸಲ ಪೀಡಿಸಿದ ಮೇಲೆ ಕೊಟ್ಟಳು.

ನನ್ನ ಮಂಡಿಯೂ ಹೋಯಿತು. ಎಡಗಡೆಯದು, ನಿನ್ನದರ ಹಾಗೆಯೇ. ಸೆಪ್ಟೆಂಬರ್‌ನಲ್ಲಿ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಚೀಲ ಎತ್ತಲು ಕುಕ್ಕರಗಾಲಿನಲ್ಲಿ ಕೂತೆ, ಟಕ್ ಎಂದಿತು, ಅಷ್ಟೆ. ಮಂಡಿಯೊಳಗಿನ ಮೆತ್ತೆ ಬುಡದಲ್ಲಿ ಕಿತ್ತಿದೆ ಎಂದರು ಡಾಕ್ಟರು. ಟೊರೊಂಟೊ ಕಡೆಯವರು, ಕರ್ಲಿಂಗ್ ಆಡಿದವರಲ್ಲ.

"ಆ ಆಟದಲ್ಲಿ ಮಂಡಿಗೇನ್ರೀ ಕೆಲಸ? ಪೊರಕೆ ಹಿಡ್ಕೊಂಡು ಐಸ್ ಗುಡಿಸೋದಲ್ವಾ?" ಎಂದರು.

"ಗುಡಿಸೋದು ಆಮೇಲೆ ಡಾಕ್ಟ್ರೇ. ಮೊದ್ಲು ಎಡಗಾಲು ಪೂರ್ತಿ ಮಡಚಿ, ಅದರ ಮೇಲೆ ಕೂತು, ಐಸ್ ಮೇಲೆ ಜಾರ್ತಾ ಜಾರ್ತಾ ನಲವತ್ತು ಪೌಂಡಿನ ಕಲ್ಲು ಬಿಡ್ಬೇಕು. ಅದು ಆ ಕೊನೇಲಿರೋ ವೃತ್ತದೊಳಗೆ ಹೋಗಿ ನಿಲ್ಬೇಕು. ಮೂವತ್ತು ವರ್ಷದಿಂದ ಇದೇ ಮಾಡ್ತಿದೀನಿ" ಎಂದೆ.

"ಹಾಗಾದ್ರೆ ನಿಮ್ಮ ಮಂಡಿ ಇಷ್ಟು ದಿನ ಬಾಳಿದ್ದೇ ಹೆಚ್ಚು" ಎಂದರು. ಇಂಥವರ ಕೈಗೆ ಕಾಲು ಕೊಟ್ಟು ಮಲಗಬೇಕು, ನೋಡು.

ನಾಲ್ಕು ದಿನದ ಹಿಂದೆ ಆಪರೇಷನ್ ಆಯಿತು. ಎರಡು ಗಂಟೆ ದಾರಿ, ಹೊಟ್ಟೆಗೆ ಒಂದು ಗುಟುಕು ಕಾಫಿಯಿಲ್ಲ. ಅಲ್ಲಿ ಆರು ಜನ ಆರು ಸಲ "ಯಾವ ಮಂಡಿ?" ಎಂದು ಕೇಳಿದರು. ಆಮೇಲೆ ಡಾಕ್ಟರು ಬಂದು ತೊಡೆಯ ಮೇಲೆ ಪೆನ್ನಿನಿಂದ ಬಾಣದ ಗುರುತು ಬರೆದರು. "ನನ್ನ ಮಂಡಿ ಯಾವ್ದು ಅಂತ ನನಗೆ ಗೊತ್ತಿಲ್ವಾ?" ಎಂದು ರೇಗಿದೆ. "ನಿಮಗೆ ಗೊತ್ತಮ್ಮಾ, ನಿದ್ದೆ ಬರಿಸಿದ ಮೇಲೆ ನೀವು ಹೇಳಕ್ಕಾಗಲ್ವಲ್ಲ" ಎಂದಳು ನರ್ಸ್.

ಮೂರು ತೂತು, ಅಷ್ಟೇ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಸಣ್ಣ ಕತ್ತರಿ. ಮೂರನೆಯದು ಮಂಡಿಯ ಕೆಳಗೆ, ಮೂಳೆಯ ಮೇಲಿದೆ. ಅದು ಯಾಕೆಂದು ಕೇಳಲು ಮರೆತೆ. ಎಚ್ಚರವಾಗುವ ಹೊತ್ತಿಗೆ ಡಾಕ್ಟರು ಬಂದು ಏನೇನೋ ವಿವರಿಸಿದರಂತೆ, ಚಿತ್ರ ಬರೆದು ತೋರಿಸಿದರಂತೆ, ನಾನು ತಲೆಯಾಡಿಸಿದೆನಂತೆ. ನನಗೆ ನೆನಪಿರುವುದು ಅವರ ಟೈ ಮಾತ್ರ. ನನ್ನ ಬದಲು ಕೇಳಿಸಿಕೊಳ್ಳಬೇಕಾದ ಗಂಡ ಲಾರ್ನ್ ಆ ಹೊತ್ತಿಗೆ ಸರಿಯಾಗಿ ಕಾಫಿಯ ಸಾಲಿನಲ್ಲಿ ನಿಂತಿದ್ದ. ಡಾಕ್ಟರು ಕೊಟ್ಟ ಹಾಳೆ ಟ್ರಕ್ಕಿನಲ್ಲೆಲ್ಲೋ ಇದೆ.

ಸಂಜೆಯೇ ಮನೆಗೆ ಕಳಿಸಿದರು. ತೊಡೆಯಿಂದ ಕೆಳಗಿನವರೆಗೆ ಮಂಡಿ ಮಡಚದ ಹಾಗೆ ಬ್ರೇಸ್ ಬಿಗಿದು, ಎರಡು ಊರುಗೋಲು ಕೊಟ್ಟು, "ಆರು ವಾರ ಈ ಕಾಲು ಊರ್ಬೇಡಿ" ಎಂದರು. ರಿಂಕಿನ ಐಸ್ ನೋಡಿಕೊಳ್ಳುವ ವಾಲ್ಟ್ ಫ್ರೀಸನ್ ನಿನ್ನೆ ಬಂದಿದ್ದ. ಅವನಿಗೂ ಹಿಂದೊಮ್ಮೆ ಇದೇ ಆಗಿತ್ತಲ್ಲ. "ದಾವೆಗೆ ಹೆದ್ರಿ ಎಲ್ರಿಗೂ ಹಂಗೇ ಹೇಳ್ತಾರೆ ಕಣಮ್ಮ. ನಾನು ಮೂರನೇ ವಾರಕ್ಕೆ ಐಸ್ ಮೇಲಿದ್ದೆ" ಎಂದ. ಮಂಡಿ ಕುಂಬಳಕಾಯಿಯಾಗಿದೆ. ಮಂಜಿನ ಪೊಟ್ಟಣ ಇಡಬೇಕಂತೆ, ಇಲ್ಲವೇ ಹೆಪ್ಪುಗಟ್ಟಿದ ಬಟಾಣಿ ಚೀಲವಾದರೂ ಸರಿಯಂತೆ. ಫ್ರೀಜರಿನಲ್ಲಿ ಬಟಾಣಿಯಿಲ್ಲದೆ ಅಮ್ಮ ಆಲೂಗಡ್ಡೆ ತುಂಬಿ ಮಾಡಿಟ್ಟ ಪೆರೊಗಿ ಕಡುಬಿನ ಚೀಲವನ್ನೇ ಇಟ್ಟುಕೊಂಡೆ. ಮೂರು ದಿನ ನನ್ನ ಮಂಡಿಯ ಮೇಲಿದ್ದದ್ದನ್ನು ನಿನ್ನೆ ಲಾರ್ನ್ ಬೇಯಿಸಿ ನನಗೇ ಬಡಿಸಿದ.

ಫೆಬ್ರವರಿ ಎರಡನೆಯ ವಾರ ನಮ್ಮ ಹೆಂಗಸರ ಬಾನ್‌ಸ್ಪೀಲ್. ಈ ಸಲದ್ದು ಎಪ್ಪತ್ತೈದನೆಯ ವರ್ಷದ ಪಂದ್ಯಾವಳಿ. ಸ್ಕಿಪ್ ಆಗಿ ತಂಡ ನಡೆಸುವವಳು ನಾನೇ ಮನೆಯಲ್ಲಿ ಕೂತರೆ ಹೇಗೆ? ನಿನಗೂ ಇದೇ ಆಗಿತ್ತಲ್ಲ. ಏನು ಮಾಡಿದರೆ ಬೇಗ ಐಸ್ ಮೇಲೆ ಇಳಿಯಬಹುದು, ಹೇಳು.

ಕಾಲು ದಿಂಬಿನ ಮೇಲಿಟ್ಟುಕೊಂಡು ಕೂತ
ಲೆಸ್ಯಾ


(ಸರೋವರದ ಚಿತ್ರವಿರುವ ಪೋಸ್ಟ್‌ಕಾರ್ಡ್)

ಥಂಡರ್ ಬೇ
ನವೆಂಬರ್ 26

ಒಳಗಿನ ಮೆತ್ತೆಯನ್ನು ಕತ್ತರಿಸಿದರಾ, ಹೊಲಿದರಾ?

ರೂನಾ


ಡ್ರಿಫ್ಟ್ ಕ್ರೀಕ್
ಡಿಸೆಂಬರ್ 5

ರೂನಾ,

ನಾಲ್ಕು ವರ್ಷದ ಮೇಲೆ ಒಂದು ಸಾಲು! ಅದರಲ್ಲಿ "ಹೇಗಿದ್ದೀಯ" ಎಂಬ ಮಾತೂ ಇಲ್ಲ. ಪೋಸ್ಟ್‌ಕಾರ್ಡ್ ಬೇರೆ. ಅಂಚೆ ಕಚೇರಿಯಲ್ಲಿ ಕೂರುವವಳು ನಮ್ಮ ಡೆನೀಸ್ ಎಂದು ಮರೆತೆಯಾ? ನೀನು ಹೋದ ಮೇಲೆ ತಂಡದಲ್ಲಿ ನಿನ್ನ ಜಾಗಕ್ಕೆ ಬಂದವಳು ಅವಳೇ. ಮೊದಲು ತಾನು ಓದಿ, ಆಮೇಲೆ ಲಾರ್ನ್ ಕೈಗೆ ಕೊಟ್ಟು, "ಕತ್ತರಿಸಿದ್ರಂತಾ, ಹೊಲಿದ್ರಂತಾ?" ಎಂದು ಕೇಳಿದಳಂತೆ. ಈಗ ಊರಿಗೆ ಊರೇ ಕೇಳುತ್ತಿದೆ.

ನನಗೆ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೇನು? ತೂತು ಮಾಡಿದರು, ಸರಿ ಮಾಡಿದರು, ಮುಚ್ಚಿದರು. ಎರಡನೆಯ ವಾರಕ್ಕೆ ಡಾಕ್ಟರ ಬಳಿ ಹೋಗಬೇಕಿತ್ತು. ಅವತ್ತು ಹಿಮಗಾಳಿಗೆ ಹೆದ್ದಾರಿ ಮುಚ್ಚಿದರು. ಮುಂದಿನ ದಿನ ಸಿಕ್ಕಿರುವುದು ಜನವರಿ ಎಂಟಕ್ಕೆ. ಮೇಲಿನ ತೂತುಗಳು ಚೆನ್ನಾಗಿ ಮಾಗಿವೆ, ಸೊಳ್ಳೆ ಕಚ್ಚಿದಷ್ಟೂ ಗುರುತಿಲ್ಲ. ಹಾಗಾಗಿ ಹೋದ ವಾರ ಒಂದು ಊರುಗೋಲು ಬಿಟ್ಟೆ. ಮನೆಯೊಳಗೆ ಬ್ರೇಸನ್ನೂ ಬಿಚ್ಚಿಡುತ್ತೇನೆ. ಮಹಡಿ ಹತ್ತಿಳಿಯುತ್ತೇನೆ. ರಾತ್ರಿ ಊದುತ್ತದೆ, ನಿಜ. ಐಸ್ ಇಟ್ಟರೆ ಇಳಿಯುತ್ತದೆ. ಲಾರ್ನ್ ಮಾತ್ರ ನನ್ನ ಹಿಂದೆ ಹಿಂದೆ ಊರುಗೋಲು ಹಿಡಿದುಕೊಂಡು ಬರುತ್ತಾನೆ. "ಹಾಕ್ಕೊಳೇ, ಹಾಕ್ಕೊಳೇ" ಎಂದು ಅವನದೊಂದೇ ರಾಗ. ಮಗುವಿಗೆ ಟೊಪ್ಪಿ ಹಾಕಲು ಓಡುವ ಅಜ್ಜಿಯಂತಾಗಿದ್ದಾನೆ.

ನೀನು ಬಾಯಿ ಬಿಡದಿದ್ದರೂ ನಿನ್ನ ಮನಸ್ಸಿನಲ್ಲಿರುವುದು ಗೊತ್ತು. ಲೆಸ್ಯಾ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಅಲ್ಲವಾ? ಮುಚ್ಚಿಡುವವಳು ನಾನಲ್ಲ. ಜಿಲ್ಲಾ ಫೈನಲ್ ನೆನಪಿದೆಯಾ? ಜಾರುತ್ತಿದ್ದ ನಮ್ಮ ಕಲ್ಲಿಗೆ ನನ್ನ ಪೊರಕೆ ಕೂದಲೆಳೆಯಷ್ಟು ತಾಗಿತು. ಯಾರೂ ನೋಡಿರಲಿಲ್ಲ, ನೀನೂ ನೋಡಿರಲಿಲ್ಲ. ನಾನೇ ಕೈಯೆತ್ತಿ "ಮುಟ್ಟಿದೆ" ಎಂದೆ. ಜಾರುವ ಕಲ್ಲನ್ನು ಮುಟ್ಟಿದರೆ ತಪ್ಪು, ಆ ಕಲ್ಲನ್ನು ತೆಗೆಯುವುದೋ ಬಿಡುವುದೋ ಎದುರು ತಂಡದ ಸ್ಕಿಪ್ ಇಷ್ಟ. ಅವಳು ತೆಗೆದಳು, ನಾವು ಸೋತೆವು. ನಮ್ಮ ಆಟದಲ್ಲಿ ಅಂಪೈರ್ ಯಾಕಿಲ್ಲವೆಂದರೆ ನನ್ನಂಥವರು ಆಡುತ್ತಾರೆಂದು.

ಡಿಸೆಂಬರ್ 20ಕ್ಕೆ ತಂಡದ ಅಭ್ಯಾಸ. ಒಂದೇ ಒಂದು ಕಲ್ಲು ಬಿಟ್ಟು ನೋಡುತ್ತೇನೆ. ವಾಲ್ಟ್ ನನಗೆಂದೇ ಒಂದು ಲೇನಿಗೆ ಹೊಸದಾಗಿ ನೀರು ಚಿಮುಕಿಸಿ ಐಸ್ ಸಿದ್ಧಮಾಡಿ ಕೊಡುತ್ತಾನಂತೆ.

ಸಲಹೆ ಕೊಡದ ಗೆಳತಿಗೆ ಸಲಾಮು ಹೇಳುವ
ಲೆಸ್ಯಾ


ಥಂಡರ್ ಬೇ
ಡಿಸೆಂಬರ್ 12

ಲೆಸ್ಯಾ,

ಇದನ್ನು ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ಕಾಲು ಚಾಚು. ಬ್ರೇಸ್ ಹಾಕು. ಹಾಕಿದೆಯಾ? ಆಮೇಲೆ ಓದು.

ಆ ವಾಲ್ಟ್ ಫ್ರೀಸನ್‌ನ ಮಂಡಿಯ ಕಥೆ ಕೇಳಿ ಕೇಳಿ ಸಾಕಾಗಿದೆ. ಅವನ ಮೆತ್ತೆಯ ಅಂಚು ಹರಿದಿತ್ತು. ಹರಿದ ಚೂರನ್ನು ಕತ್ತರಿಸಿ ತೆಗೆದರು, ಒಳಗೆ ಕೂಡಿಕೊಳ್ಳಬೇಕಾದ್ದು ಏನೂ ಇರಲಿಲ್ಲ. ನೋವು, ಊತ ಇಳಿದರೆ ಅವನ ಕೆಲಸ ಮುಗಿಯಿತು. ಮೂರನೆಯ ವಾರಕ್ಕೆ ಅವನು ಐಸ್ ಮೇಲಿದ್ದದ್ದೂ ಅವಸರವೇ, ಆದರೂ ಅವನಿಗೆ ನಡೆಯಿತು. ಹೊಲಿದರೆ ಕಥೆಯೇ ಬೇರೆ. ಕಿತ್ತ ಮೆತ್ತೆಯನ್ನು ದಾರದಿಂದ ಎಳೆದು ಮೂಳೆಗೆ ಕಟ್ಟಿರುತ್ತಾರೆ. ದಾರ ಹಿಡಿದುಕೊಂಡಿರುತ್ತದೆ ಅಷ್ಟೇ, ಅಂಟಿಕೊಳ್ಳಬೇಕಾದ್ದು ನಿನ್ನ ಮೈ. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಭಾರ ಬಿದ್ದರೆ, ಪೂರ್ತಿ ಮಡಚಿದರೆ, ಕಿತ್ತು ಬರುತ್ತದೆ. ಹೊರಗಿನಿಂದ ಇಬ್ಬರದೂ ಒಂದೇ ಥರ ಕಾಣುತ್ತದೆ. ಚರ್ಮದ ಮೇಲಿನ ತೂತು ಹತ್ತು ದಿನಕ್ಕೆ ಮಾಗುತ್ತದೆ, ಅದನ್ನು ನೋಡಿಯೇ ಎಲ್ಲರೂ ಮೋಸ ಹೋಗುವುದು. ಸಣ್ಣ ತೂತೆಂದರೆ ಸಣ್ಣ ಆಪರೇಷನ್ ಅಲ್ಲ ಕಣೆ.

ಮೂರನೆಯ ತೂತು ಯಾಕೆಂದು ಕೇಳಲು ಮರೆತೆ ಎಂದಿದ್ದೆ. ಮಂಡಿಯ ಕೆಳಗೆ, ಮೂಳೆಯ ಮೇಲೆ. ನನಗೂ ಅಲ್ಲೇ ಇತ್ತು. ಆ ದಾರವನ್ನು ಮೂಳೆಯೊಳಗಿಂದ ತಂದು ಕಟ್ಟಿದ್ದು ಅಲ್ಲೇ. ವಾಲ್ಟ್‌ನಿಗೆ ಎಷ್ಟು ತೂತಿದ್ದವೆಂದು ಕೇಳು. ನಿನ್ನ ಹಾಳೆ ನಾನು ನೋಡಿಲ್ಲ, ನಾನು ಡಾಕ್ಟರೂ ಅಲ್ಲ. ಟ್ರಕ್ಕಿನಲ್ಲಿ ಹುಡುಕಿ ಅದನ್ನು ಓದು. ಸಿಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ, "ಕತ್ತರಿಸಿದ್ರಾ, ಹೊಲಿದ್ರಾ? ಎಷ್ಟು ಮಡಚ್ಬಹುದು? ಯಾವಾಗ ಕಾಲೂರ್ಬಹುದು?" ಎಂದು ಕೇಳು. ಮೂರು ಪ್ರಶ್ನೆ. ಆಪರೇಷನ್ ದಿನವೇ ಕೇಳಬೇಕಾಗಿದ್ದವು, ಅದೂ ನಿದ್ದೆಯ ಮಂಪರಿನಲ್ಲಿಲ್ಲದವರು ಕೇಳಬೇಕಾಗಿದ್ದವು. ಲಾರ್ನ್‌ಗೆ ನನ್ನ ಪರವಾಗಿ ಎರಡು ಬೈಗುಳ.

ಉತ್ತರ ಬರುವವರೆಗೆ ಎರಡೂ ಊರುಗೋಲು ಹಿಡಿ. ಕುರ್ಚಿಯಲ್ಲಿ ಕೂತಾಗ ಮಡಚುವುದಕ್ಕಿಂತ ಒಂದಿಷ್ಟೂ ಹೆಚ್ಚು ಮಡಚಬೇಡ. ಪಾದವನ್ನು ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸು, ತೊಡೆಯನ್ನು ಬಿಗಿ ಹಿಡಿದು ಬಿಡು. ಅದು ಬೇಸರದ ಕೆಲಸ, ಗೊತ್ತು. ಮಾಡದಿದ್ದರೆ ತೊಡೆ ಕಡ್ಡಿಯಾಗುತ್ತದೆ, ಮತ್ತೆ ತುಂಬಲು ವರ್ಷ ಬೇಕು. ಮೀನಖಂಡ ಬಿಸಿಯಾಗಿ ನೋಯತೊಡಗಿದರೆ, ಇಲ್ಲವೇ ಉಸಿರು ಕಟ್ಟಿದ ಹಾಗಾದರೆ, ಹಿಮಗಾಳಿಯಿರಲಿ ಏನೇ ಇರಲಿ ಆಂಬುಲೆನ್ಸ್ ಕರೆಸು. ರಕ್ತ ಹೆಪ್ಪುಗಟ್ಟುವುದು ತಮಾಷೆಯಲ್ಲ. ಪೆರೊಗಿಯಾಗಲಿ ಬಟಾಣಿಯಾಗಲಿ, ಮಧ್ಯೆ ಬಟ್ಟೆ ಇಟ್ಟುಕೋ, ಮಂಜಿಗೂ ಚರ್ಮ ಸುಡುತ್ತದೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದು ಕೇಳಬೇಡ. ನನ್ನದು ಮತ್ತೆ ಕಿತ್ತಿತು. ಎರಡನೆಯ ಸಲ ಹೊಲಿಯಲು ಅಲ್ಲೇನೂ ಉಳಿದಿರಲಿಲ್ಲ. ಶಿಶುವಿಹಾರದ ಟೀಚರ್ ನೆಲದ ಮೇಲೆ ಕೂರಲಾರದವಳಾದರೆ ಮಕ್ಕಳು ಏನು ಮಾಡಬೇಕು? ಇಪ್ಪತ್ತಾರು ವರ್ಷ ಮಾಡಿದ ಕೆಲಸ ಬಿಟ್ಟೆ. ಮಂಡಿ ಬದಲಿಸುವ ಸಾಲಿನಲ್ಲಿ ಹೆಸರು ಬರೆಸಿದ್ದೇನೆ. ಈಗಲೂ ಕರ್ಲಿಂಗ್ ಆಡುತ್ತೇನೆ, ನಿಂತುಕೊಂಡು, ಕೋಲಿನಿಂದ ಕಲ್ಲು ತಳ್ಳಿ. ನೀನು "ಮುದುಕರು ನೆಲ ಒರೆಸೋ ಆಟ" ಎನ್ನುತ್ತಿದ್ದೆಯಲ್ಲ, ಅದೇ.

ಇಪ್ಪತ್ತನೆಯ ತಾರೀಖು ಐಸ್ ಮೇಲೆ ಇಳಿದೆಯೋ, ಮತ್ತೆ ನನಗೆ ಬರೆಯಬೇಡ.

ರೂನಾ


ಡ್ರಿಫ್ಟ್ ಕ್ರೀಕ್
ಡಿಸೆಂಬರ್ 22

ರೂನಾ,

ನಿನ್ನ ಕಾಗದ 18ಕ್ಕೇ ಬಂತು. ದಪ್ಪ ಲಕೋಟೆ ನೋಡಿ ಬೈಗುಳ ತುಂಬಿದೆಯೆಂದು ಒಡೆಯದೆ ಕೋಟಿನ ಜೇಬಿಗಿಟ್ಟೆ. 20ಕ್ಕೆ ರಿಂಕಿಗೆ ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬ್ರೇಸ್ ಬಿಚ್ಚಿ, ಎಡಗಾಲಿಗೆ ಜಾರುವ ಶೂ ಹಾಕಿ, ಕರ್ಚೀಫಿಗೆಂದು ಜೇಬಿಗೆ ಕೈಹಾಕಿದರೆ ಲಕೋಟೆ ಬಂತು. ಒಂದು ಶೂ ಹಾಕಿಕೊಂಡೇ ಓದಿದೆ.

ಹೊರಗೆ ಬಂದು ವಾಲ್ಟ್‌ನನ್ನು ಕೇಳಿದೆ, "ನಿನ್ನ ಮಂಡೀಲಿ ಎಷ್ಟು ತೂತಿತ್ತೋ?"

"ಎರಡು. ಯಾಕಮ್ಮ?"

"ಮೂರನೇ ವಾರಕ್ಕೆ ಐಸ್ ಮೇಲಿದ್ದೆ ಅಂದ್ಯಲ್ಲ, ನಿನ್ನ ಮೆತ್ತೆ ಹೊಲಿದಿದ್ರಾ?"

"ಹೊಲಿಯೋದಾ? ಚೂರು ಕತ್ತರಿಸಿ ಬಿಸಾಕಿದ್ರು. ಹೊಲೀತಾರೆ ಅಂತಾನೂ ನಂಗೊತ್ತಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ.

ಲಾರ್ನ್ ಟ್ರಕ್ಕಿನ ಸೀಟಿನ ಕೆಳಗಿಂದ ಆ ಹಾಳೆ ಹುಡುಕಿ ತಂದ. ಮೇಲೆ ಕಾಫಿ ಲೋಟದ ಗುರುತು. ಹೊಲಿಗೆ ಹಾಕಿದೆ, ಆರು ವಾರ ಭಾರ ಹಾಕಕೂಡದು, ಕನಿಷ್ಠ ನಾಲ್ಕು ತಿಂಗಳು ಕುಕ್ಕರಗಾಲಿನಲ್ಲಿ ಕೂರಕೂಡದು ಎಂದು ಬರೆದು, ಕೆಳಗೆ ಡಾಕ್ಟರು ಎರಡೆರಡು ಗೀಟು ಎಳೆದಿದ್ದಾರೆ. ಶೂ ಬಿಚ್ಚಿದೆ. ಡೆನೀಸ್ ನನ್ನ ಲೇನಿನಲ್ಲಿ ಆಡಿದಳು.

ನಿನ್ನೆ ಫಿಸಿಯೋ ಮೋನಿಕ್ ಬಳಿ ಹೋಗಿದ್ದೆ. ಬ್ರೇಸ್ ಬಿಚ್ಚಿ ಮಹಡಿ ಹತ್ತಿದ ವಿಷಯ ಹೇಳಿದ್ದಕ್ಕೆ ಪೆನ್ನು ಕೆಳಗಿಟ್ಟು, ಎರಡೂ ಊರುಗೋಲು ತಂದು ನನ್ನ ಕೈಗಿಟ್ಟಳು. ಬೈದಿದ್ದರೆ ವಾಸಿಯಿತ್ತು. ದಾರ ಉಳಿದಿದೆಯೋ ಕಿತ್ತಿದೆಯೋ ಅವಳಿಗೂ ಗೊತ್ತಿಲ್ಲ, ಜನವರಿ ಎಂಟಕ್ಕೆ ಡಾಕ್ಟರೇ ನೋಡಬೇಕು. ರಾತ್ರಿಯೆಲ್ಲ ಮಂಡಿಯನ್ನು ಮುಟ್ಟಿ ಮುಟ್ಟಿ ನೋಡುತ್ತೇನೆ. ಹೆದರಿಕೆಯಾಗಿದೆ ಕಣೆ. ಬೇರೆ ಯಾರಿಗೂ ಹೇಳಿಲ್ಲ.

ಒಂದು ಮಾತು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಇಷ್ಟೆಲ್ಲ ತಿಳಿದವಳು ನಿನ್ನ ಸರದಿ ಬಂದಾಗ ನನಗೆ ಇಷ್ಟು ಬಿಡಿಸಿ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಿನ್ನ ಮಂಡಿ ಉಳಿಯುತ್ತಿತ್ತು. ನನಗೇನು ಕನಸು ಬೀಳಬೇಕಿತ್ತಾ?

ಎರಡೂ ಊರುಗೋಲು ಹಿಡಿದ
ಲೆಸ್ಯಾ


ಥಂಡರ್ ಬೇ
ಜನವರಿ 2

ಲೆಸ್ಯಾ,

ನಾನು ಹೇಳಿದ್ದೆ. ಎರಡು ಸಲ.

ಮೊದಲನೆಯ ಸಲ ನಿನ್ನ ಅಡಿಗೆಮನೆಯಲ್ಲಿ. ನೀನು ಪೆರೊಗಿಯ ಅಂಚು ಒತ್ತುತ್ತಾ "ಹೂಂ ಹೂಂ" ಎಂದೆ. ಎರಡನೆಯ ಸಲ ಅದೇ ಬಟ್ಟೆ ಬದಲಿಸುವ ಕೋಣೆಯಲ್ಲಿ, ನೀನು ಒಂದು ಶೂ ಹಾಕಿಕೊಂಡು ನನ್ನ ಕಾಗದ ಓದಿದೆಯಲ್ಲ, ಅಲ್ಲೇ. ನನಗೆ ಆಗ ಐದನೆಯ ವಾರ. ಬ್ರೇಸ್ ತೋರಿಸಿ "ಒಳಗೆ ಹೊಲಿದಿದಾರೆ ಲೆಸ್ಯಾ, ಆಗಲ್ಲ" ಎಂದೆ. ನಾಲ್ಕು ಜನರ ಮುಂದೆ ನೀನು ಏನು ಹೇಳಿದೆ ನೆನಪಿದೆಯಾ? "ಮೂರು ಸೂಜಿ ತೂತಿಗೆ ಇಷ್ಟೊಂದು ನಾಟಕವಾ? ವಾಲ್ಟ್ ಮೂರನೇ ವಾರಕ್ಕೆ ಇಳಿದಿದ್ದ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಬ್ರೇಸ್ ಬಿಚ್ಚಿದೆ. ಆ ನಗುವಿಗೆ ನನ್ನ ಮೇಲೇ ನನಗೆ ಇವತ್ತಿಗೂ ಸಿಟ್ಟಿದೆ.

ಆ ವರ್ಷದ ಬಾನ್‌ಸ್ಪೀಲ್ ಫೈನಲ್‌ನ ಕೊನೆಯ ಕಲ್ಲು ಬಿಟ್ಟೆ, ಗೆದ್ದೆವು, ಮಂಡಿ ಟಕ್ ಎಂದಿತು. ಗೆದ್ದವರು ಸೋತವರಿಗೆ ಕುಡಿಸಬೇಕು, ಪದ್ಧತಿ. "ಒಂದ್ ಹತ್ತು ನಿಮಿಷ ಟ್ರಕ್ಕಲ್ಲಿ ಕೂತಿರು, ಬಂದ್ಬಿಟ್ಟೆ" ಎಂದು ನೀನು ಹೋದೆ. ಫೆಬ್ರವರಿ ತಿಂಗಳು, ಮೈನಸ್ ಮೂವತ್ತು. ನಾನು ಎರಡು ಗಂಟೆ ಕೂತಿದ್ದೆ. ರಿಂಕಿನ ಕಿಟಕಿಯಲ್ಲಿ ನೀನು ಲೋಟ ಎತ್ತುವುದು ಕಾಣುತ್ತಿತ್ತು. ಆಸ್ಪತ್ರೆಗೆ ಕರೆದೊಯ್ದವನು ಲಾರ್ನ್.

ಮಂಡಿ ಹೋದದ್ದಕ್ಕೆ ನಾನು ಊರು ಬಿಡಲಿಲ್ಲ. ಮಂಡಿ ಎಲ್ಲರದೂ ಹೋಗುತ್ತದೆ. ನೀನು ಒಂದು ದಿನವೂ ಬಂದು ಆ ಮಾತೆತ್ತಲಿಲ್ಲ, ಅದಕ್ಕೆ ಬಿಟ್ಟೆ. ಈಗ ಕೇಳುತ್ತೀಯ, ಯಾಕೆ ಹೇಳಲಿಲ್ಲ ಅಂತ.

ನಿನ್ನ ಮಂಡಿ ಉಳಿದಿರಲಿ ಎಂದು ನಿಜವಾಗಿ ಬಯಸುತ್ತೇನೆ. ಇನ್ನು ನನಗೆ ಹೇಳುವುದೇನೂ ಇಲ್ಲ.

ರೂನಾ


ಡ್ರಿಫ್ಟ್ ಕ್ರೀಕ್
ಫೆಬ್ರವರಿ 16

ರೂನಾ,

ಆರು ವಾರದಲ್ಲಿ ಒಂಬತ್ತು ಕಾಗದ ಬರೆದು ಹರಿದೆ. ಎಲ್ಲದರಲ್ಲೂ ಒಂದು "ಆದರೆ" ಇತ್ತು. ಇದರಲ್ಲಿ ಬರದ ಹಾಗೆ ನೋಡಿಕೊಳ್ಳುತ್ತೇನೆ.

ಮೊದಲು ಮಂಡಿಯ ವಿಷಯ. ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿಸಿದರು. ದಾರ ಉಳಿದಿದೆ. ನನ್ನ ಪುಣ್ಯವಂತೆ, ನನ್ನ ಬುದ್ಧಿವಂತಿಕೆಯಲ್ಲವಂತೆ. ಹೀಗೇ ಹೇಳಿದರು. ದಿನಾ ಮೋನಿಕ್ ಹೇಳಿದ್ದನ್ನು ಮಾಡುತ್ತೇನೆ. ತೊಡೆ ಬಿಗಿಹಿಡಿದು ಹತ್ತು ಎಣಿಸುವುದು, ಕಾಲು ನೇರ ಎತ್ತುವುದು, ಆಮೇಲೆ ಸೈಕಲ್ಲು. ಮೈ ಪರಚಿಕೊಳ್ಳುವಷ್ಟು ಬೇಸರ. ಬೇಸಿಗೆಗೆ ತೋಟದ ಕೆಲಸಕ್ಕೆ ಅಡ್ಡಿಯಿಲ್ಲ. ಮೊದಲಿನ ಹಾಗೆ ಮಂಡಿ ಮಡಚಿ ಐಸ್ ಮೇಲೆ ಜಾರುವುದನ್ನು ಮರೆತುಬಿಡಿ ಎಂದರು. ಟ್ರಕ್ಕಿನಲ್ಲಿ ಕೂತು ಅತ್ತೆ. ಲಾರ್ನ್ ಈ ಸಲ ಕಾಫಿಗೆ ಹೋಗದೆ ಪಕ್ಕದಲ್ಲೇ ಇದ್ದ. ಡಾಕ್ಟರು ಹೇಳಿದ್ದನ್ನೆಲ್ಲ ಸಣ್ಣ ಪುಸ್ತಕದಲ್ಲಿ ಬರೆದುಕೊಂಡಿದ್ದ.

ಬಾನ್‌ಸ್ಪೀಲ್ ಹೋದ ವಾರ ಆಯಿತು. ನಾನು ಗಾಜಿನ ಹಿಂದೆ ಕುರ್ಚಿಯಲ್ಲಿ ಕೂತು ನೋಡಿದೆ. ಡೆನೀಸ್ ತಂಡ ನಡೆಸಿದಳು, ಫೈನಲ್‌ವರೆಗೂ ಒಯ್ದಳು. ನಮ್ಮ ಕೊನೆಯ ಕಲ್ಲು ವೃತ್ತದ ನಡುವಿಗೇ ಬರುತ್ತಿತ್ತು, ಎಲ್ಲರೂ ಎದ್ದು ನಿಂತಿದ್ದೆವು. ಡೆನೀಸ್ ಕೈಯೆತ್ತಿದಳು. "ನನ್ನ ಕಾಲು ತಾಗ್ತು" ಎಂದಳು. ಯಾರಿಗೂ ಕಂಡಿರಲಿಲ್ಲ. ಎದುರು ತಂಡದ ಸ್ಕಿಪ್ ಕಲ್ಲು ತೆಗೆದಳು. ಸೋತೆವು.

ಒಳಗೆ ಬಂದವಳನ್ನು ಎಲ್ಲರೂ ತಬ್ಬಿಕೊಂಡರು. ಅವಳು ನನ್ನ ಕಡೆ ಕೈತೋರಿಸಿ, "ಇದನ್ನ ಕಲ್ಸಿದ್ದು ಲೆಸ್ಯಾ ಕಣ್ರೇ. ಮುಟ್ಟಿದ್ರೆ ಮುಟ್ಟಿದೆ ಅನ್ಬೇಕು, ಅಷ್ಟೇ ಅಂತ" ಎಂದಳು. ಎಲ್ಲರೂ ನನಗೆ ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಸಾಯುವ ಹಾಗಾಯಿತು ರೂನಾ. ಗೆದ್ದವರು ನಮಗೆ ಕುಡಿಸಲು ಲೋಟ ತಂದಿಟ್ಟರು. ನಾನು ಊರುಗೋಲು ಹಿಡಿದು ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತೆ. ಇಂಜಿನ್ ಹಾಕಲಿಲ್ಲ. ಕಿಟಕಿಯಲ್ಲಿ ಒಳಗಿನವರು ನಗುವುದು ಕಾಣುತ್ತಿತ್ತು. ಇಪ್ಪತ್ತು ನಿಮಿಷ ಕೂರಲು ಆಯಿತು, ಅಷ್ಟೇ. ಎರಡು ಗಂಟೆ ನೀನು ಹೇಗೆ ಕೂತಿದ್ದೆ?

ನೀನು ಎರಡು ಸಲ ಹೇಳಿದ್ದೆ. ನಾನು ಎರಡು ಸಲವೂ ಕೇಳಿಸಿಕೊಂಡಿದ್ದೆ. ಮರೆತಿರಲಿಲ್ಲ. ಗೆಲ್ಲಬೇಕಾಗಿತ್ತು, ನೀನಿಲ್ಲದೆ ಗೆಲ್ಲುವುದು ಸಾಧ್ಯವಿರಲಿಲ್ಲ, ಅದಕ್ಕೇ ಎಲ್ಲರನ್ನೂ ನಗಿಸಿದೆ. ಆಮೇಲೆ ನಿನ್ನ ಮುಖ ನೋಡಲಾರದೆ ಒಳಗೇ ಕೂತೆ. ಎರಡು ಗಂಟೆ. ಆಮೇಲೆ ನಾಲ್ಕು ವರ್ಷ.

ಮುಟ್ಟಿದ್ದು ನಾನು ರೂನಾ. ಯಾರೂ ನೋಡಲಿಲ್ಲ, ನೀನು ನೋಡಿದೆ. ನಿನ್ನ ಮಂಡಿ ಕಿತ್ತದ್ದು ನನ್ನಿಂದ. ಕೈಯೆತ್ತಿ ಹೇಳುತ್ತಿದ್ದೇನೆ.

ಈಗ ಎದುರಿನ ಸ್ಕಿಪ್ ನೀನು. ತೆಗೆಯುವುದೋ ಬಿಡುವುದೋ ನಿನ್ನಿಷ್ಟ.

ಲೆಸ್ಯಾ


ಥಂಡರ್ ಬೇ
ಫೆಬ್ರವರಿ 25

ಲೆಸ್ಯಾ,

ಎಂಥ ಹೆಂಗಸು ನೀನು! ಒಂದು ಮಾತು ಹೇಳಲು ನಾಲ್ಕು ವರ್ಷ ಮತ್ತು ನಿನ್ನದೇ ಒಂದು ಮಂಡಿ ಬೇಕಾಯಿತು. ನಿನ್ನ ಕಾಗದವನ್ನು ಮೂರು ದಿನ ಮತ್ತೆ ಮತ್ತೆ ಓದಿದೆ. ಸಿಟ್ಟು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಮೆಟ್ಟಿಲು ಇಳಿಯುವಾಗಲೆಲ್ಲ ಸ್ವಲ್ಪ ಬರುತ್ತದೆ, ಮುಂದೆಯೂ ಬರುತ್ತದೆ. ನೀನು ಅದನ್ನು ಸಹಿಸಿಕೊಳ್ಳಬೇಕು.

ಫೆಬ್ರವರಿಯ ಚಳಿಯಲ್ಲಿ ಇಂಜಿನ್ ಹಾಕದೆ ಕೂತದ್ದು ಬರೀ ಪೆದ್ದುತನ. ಹೊಲಿದ ಮಂಡಿ ಇಟ್ಟುಕೊಂಡು ಹಿಮದಲ್ಲಿ ಊರುಗೋಲಿನ ಮೇಲೆ ಒಬ್ಬಳೇ ನಡೆದದ್ದು ಅದಕ್ಕಿಂತ ದೊಡ್ಡ ಪೆದ್ದುತನ. ಇನ್ನೊಮ್ಮೆ ಪಶ್ಚಾತ್ತಾಪ ಬಂದರೆ ಮನೆಯೊಳಗೆ, ಕಾಲು ದಿಂಬಿನ ಮೇಲಿಟ್ಟುಕೊಂಡು ಪಡು.

ಇದರ ಜೊತೆಗೆ ಬಸ್ ಪಾರ್ಸೆಲ್‌ನಲ್ಲಿ ಒಂದು ಉದ್ದನೆಯ ಪೊಟ್ಟಣ ಬರುತ್ತದೆ. ಡೆನೀಸ್ ಕೇಳಿದರೆ ನೆಲ ಒರೆಸುವ ಕೋಲೆಂದು ಹೇಳು. ಅಕ್ಟೋಬರ್‌ನಿಂದ ಇಲ್ಲಿ ಕೋಲಿನ ಜೋಡಿ ಪಂದ್ಯ ಶುರುವಾಗುತ್ತದೆ. ತಂಡಕ್ಕೆ ಇಬ್ಬರೇ. ಕುಕ್ಕರಗಾಲಿಲ್ಲ, ಜಾರುವುದಿಲ್ಲ, ಗುಡಿಸುವುದೂ ಇಲ್ಲ. ಒಬ್ಬಳು ಈ ತುದಿಯಲ್ಲಿ ನಿಂತು ಕಲ್ಲು ತಳ್ಳಬೇಕು, ಇನ್ನೊಬ್ಬಳು ಆ ತುದಿಯಲ್ಲಿ ನಿಂತು ಎಲ್ಲಿಗೆಂದು ಕೂಗಬೇಕು. ಮುಂದಿನ ಸುತ್ತಿಗೆ ಅದಲು ಬದಲು. ಅಂದರೆ ಅರ್ಧ ಆಟ ನೀನು ಬಾಯಿ ಮುಚ್ಚಿಕೊಂಡು ನಾನು ಹೇಳಿದ್ದನ್ನು ಕೇಳಬೇಕು. ಆಗುತ್ತದಾ ನೋಡು. ಇಬ್ಬರ ಹೆಸರನ್ನೂ ನಿನ್ನೆಯೇ ಬರೆಸಿದ್ದೇನೆ. ಬರುವ ಮೊದಲು ಮೋನಿಕ್ ಒಪ್ಪಿಗೆಯನ್ನು ಬರಹದಲ್ಲಿ ತರಬೇಕು, ನಿನ್ನ ಬಾಯಿಮಾತು ನನಗೆ ಬೇಡ.

ಕಲ್ಲು ಇದ್ದಲ್ಲೇ ಇರಲಿ. ನಾನು ತೆಗೆಯುವುದಿಲ್ಲ.

ಇವತ್ತು ಸಂಜೆ ಏಳಕ್ಕೆ ಫೋನ್ ಮಾಡು, ಎತ್ತುತ್ತೇನೆ. ಈ ಕಾಗದ ಯಾವತ್ತು ತಲುಪುತ್ತದೋ, ಅವತ್ತೇ ಇವತ್ತೆಂದು ತಿಳಿದುಕೋ.

ರೂನಾ